ನೀರು ತುಂಬಿದ ದಿನದ ಬೆಂಕಿ

ಹೋದ ಬೇಸಿಗೆಯಲ್ಲಿ ಹಾನಗಲ್ಲಿನ ನಮ್ಮ ಓಣಿಯ ಮಹಿಳಾ ಸಂಘಕ್ಕೆ ಅಗ್ನಿಶಾಮಕದವರೊಬ್ಬರು ಬಂದಿದ್ದರು. ಖಾಕಿ ಅಂಗಿ, ಕೈಯಲ್ಲೊಂದು ಕೆಂಪು ಸಿಲಿಂಡರು, ಸಾವಧಾನದ ಮಾತು. ನಾವೆಲ್ಲ ಜಮಖಾನೆಯ ಮೇಲೆ ಕುಳಿತಿದ್ದೆವು. ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನ ಅತ್ತೆ. ಆಕೆಯ ಮೊಣಕಾಲು ಹಿಡಿದಿವೆ, ನೆಲಕ್ಕೆ ಕೂರಲಾಗುವುದಿಲ್ಲ. ಆದರೆ ಓಣಿಯಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಆಕೆ ಅಲ್ಲಿ ಇರಲೇಬೇಕು.

ಆ ಮನುಷ್ಯ ಕೇಳಿದರು: "ಅವ್ವಾರ, ಮನಿಗೆ ಬೆಂಕಿ ಬಿತ್ತು ಅಂತ ತಿಳೀರಿ. ಮೊದಲ ಏನು ಮಾಡಬೇಕು?"

ಒಬ್ಬಾಕೆ ನೀರು ಹಾಕಬೇಕ್ರಿ ಎಂದಳು. ಇನ್ನೊಬ್ಬಾಕೆ ಗ್ಯಾಸ್ ಬಂದ್ ಮಾಡಬೇಕ್ರಿ ಎಂದಳು. ಮತ್ತೊಬ್ಬಾಕೆ ಬಂಗಾರ ತಗೋಬೇಕ್ರಿ ಎಂದಾಗ ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು. ಬರೀ ಗೊತ್ತಿರುವುದಷ್ಟೇ ಅಲ್ಲ, ಒಮ್ಮೆ ಅದನ್ನು ಮಾಡಿ, ಮಾಡಿದ್ದಕ್ಕೆ ಇಡೀ ಊರಿನಿಂದ ಬೈಸಿಕೊಂಡವಳು ನಾನು. ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆಯೂ ಉತ್ತರ ಹೇಳಲು ಕೈ ಎತ್ತಿದ್ದಳು.

ಆಕೆ ಏನು ಹೇಳಿದಳು ಎಂಬುದನ್ನು ಆಮೇಲೆ ಹೇಳುತ್ತೇನೆ. ಆ ಮನೆ ಹೇಗೆ ಸುಟ್ಟಿತು ಎಂಬುದು ತಿಳಿಯದೆ ಆ ಮಾತಿನ ರುಚಿ ನಿಮಗೆ ಹತ್ತುವುದಿಲ್ಲ.

ನನ್ನ ತವರು ಸವಣೂರು. ಅಪ್ಪ ಒಂದು ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡುತ್ತಿದ್ದ. ಬೀಜ ಬಿಡಿಸುವ ಯಂತ್ರಗಳ ಗದ್ದಲ, ಗಾಳಿಯಲ್ಲೆಲ್ಲ ಹಾರುವ ಅರಳೆ, ಅಂಗಳದಲ್ಲಿ ಗುಡ್ಡ ಗುಡ್ಡ ಹತ್ತಿ. ನಾವು ಮಕ್ಕಳು ಬುತ್ತಿ ಕೊಡಲು ಹೋದರೂ ಗೇಟಿನಲ್ಲಿ ನಿಲ್ಲಿಸಿ, ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇದೆಯೇ ಎಂದು ನೋಡಿಯೇ ಬಿಡುತ್ತಿದ್ದರು. ಒಳಗೆ ಗೋಡೆಗುಂಟ ಮರಳು ತುಂಬಿದ ಕೆಂಪು ಬಕೆಟ್ಟುಗಳು, ನೀರಿನ ಪೀಪಾಯಿಗಳು. ಅಪ್ಪನ ಎಡಗಡೆಯ ಹುಬ್ಬು ಅಂಥದೊಂದು ಬೆಂಕಿಯಲ್ಲೇ ಸುಟ್ಟುಹೋಗಿತ್ತು. ಅದು ಮತ್ತೆ ಬೆಳೆಯಲೇ ಇಲ್ಲ. ಅವ್ವ ಚಾಷ್ಟಿ ಮಾಡಿ ನಕ್ಕರೆ ಅಪ್ಪ ಆ ಜಾಗ ಸವರಿಕೊಂಡು ಹೇಳುತ್ತಿದ್ದ, "ಹತ್ತಿ ಬೆಂಕಿ ಭಾಳ ಕಳ್ಳಬೆಂಕಿ ಬೇ. ಮ್ಯಾಲ ಆರಿರತೈತಿ, ಒಳಗ ಹೊಟ್ಟ್ಯಾಗ ಹೊಕ್ಕು ಕುಂತಿರತೈತಿ. ಆರಿತು ಅಂತ ನಂಬಿ ಮನಿಗೆ ಬಂದಾವ ಕೆಟ್ಟ. ಸುಟ್ಟದ್ದನ್ನ ಬಯಲಿಗೆ ಎಳದು, ಬಿಡಿಸಿ ಬಿಡಿಸಿ ನೋಡಿ, ಮರುದಿನದ ತನಕ ಕಾಯಬೇಕು."

ಹೊಲ ಮನೆ ಇಲ್ಲದ ಹಮಾಲ ಮಗಳಿಗೆ ಕೊಟ್ಟ ಆಸ್ತಿ ಎಂದರೆ ಈ ಮಾತೊಂದೇ. ಅದನ್ನು ಕಟ್ಟಿಕೊಂಡು ನಾನು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದೆ.

ಹಂಚಿನ ಮನೆ. ನಡುವೆ ದೊಡ್ಡ ಪಡಸಾಲೆ. ಅದರ ಎಡಕ್ಕೆ ಅಡುಗೆಮನೆ, ಅದಕ್ಕೆ ಅಂಗಳಕ್ಕೆ ತೆರೆಯುವ ತನ್ನದೇ ಬಾಗಿಲು. ಬಲಕ್ಕೆ ಒಂದು ಒಳಕೋಣೆ, ಅದಕ್ಕೆ ಪಡಸಾಲೆಯ ಬಾಗಿಲು ಬಿಟ್ಟರೆ ಬೇರೆ ದಾರಿ ಇಲ್ಲ. ಇದ್ದೊಂದು ಕಿಟಕಿಗೆ ಸರಳು. ಪಡಸಾಲೆಯ ಹಿಂದಿನ ಬಾಗಿಲು ದಾಟಿದರೆ ಹಿತ್ತಲು, ಬಚ್ಚಲು, ಮೂಲೆಯಲ್ಲೊಂದು ಪತ್ರಾಸಿನ, ಎಂದರೆ ತಗಡಿನ, ಮಾಡು. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು ಮತ್ತು ಆಯಿ. ಮಾವ ಇದ್ದಾರೆ ಎಂಬುದಕ್ಕೆ ಗೂಟಕ್ಕೆ ತೂಗಿದ ಅಂಗಿಯೊಂದೇ ಸಾಕ್ಷಿ; ಆ ಮನೆಯಲ್ಲಿ ಅವರ ಬಾಯಿ ಉಣ್ಣುವುದಕ್ಕೆ ಮಾತ್ರ ಇತ್ತು. ಆಯಿ ಎಂದರೆ ಅತ್ತೆಯ ಅತ್ತೆ. ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದಳು. ಆ ಒಳಕೋಣೆ ಆಕೆಯದು.

ಆ ಮನೆಯಲ್ಲಿ ನನ್ನನ್ನು ಮನುಷ್ಯಳೆಂದು ಮಾತಾಡಿಸುತ್ತಿದ್ದವಳು ಆಯಿ ಒಬ್ಬಳೇ. ಆಕೆಯ ಮೈ ಒರೆಸುವುದು, ತಲೆ ಬಾಚುವುದು, ಗಂಜಿ ಕುಡಿಸುವುದು ನನ್ನ ಪಾಲಿನ ಕೆಲಸ. ಅತ್ತೆ ಅದನ್ನು ಶಿಕ್ಷೆ ಎಂದು ಕೊಟ್ಟಿದ್ದಳು, ನನಗೆ ಅದು ಬಿಡುವಾಗಿತ್ತು. "ನನ್ನ ಬಂಗಾರ, ನೀ ಇಲ್ಲಂದ್ರ ಇವ್ರು ನನ್ನ ಇರಿವಿ ಪಾಲು ಮಾಡ್ತಿದ್ರು" ಎಂದು ನನ್ನ ಗಲ್ಲ ಹಿಡಿದು ಲಟಿಕೆ ಮುರಿಯುತ್ತಿದ್ದಳು. ಬೆಲ್ಲದ ಚೂರೊಂದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ನಾನು ಬಂದಾಗ ಕೊಡುತ್ತಿದ್ದಳು. ತವರು ಬಿಟ್ಟು ಬಂದವಳಿಗೆ ಅಷ್ಟು ಸಾಕಾಗಿತ್ತು. ನಾನು ಆಕೆಯನ್ನು ಬಹಳ ಪ್ರೀತಿಸುತ್ತಿದ್ದೆ.

ತಿಂಗಳಲ್ಲಿ ಮೂರು ದಿನ ಮಾತ್ರ ಆಕೆಗೂ ನನಗೂ ದೂರ. ಆ ಮನೆಯಲ್ಲಿ ಹೊರಗಾದವಳು ಹಿತ್ತಲಿನ ಪತ್ರಾಸಿನ ಕೆಳಗೆ ಕೂರಬೇಕು, ಅಲ್ಲೇ ಮಲಗಬೇಕು. ಕೊಡ ಮುಟ್ಟಬಾರದು, ಒಲೆಯ ಕಡೆ ನೋಡಬಾರದು. ಊಟವನ್ನು ಅತ್ತೆ ನಾಯಿಗೆ ಹಾಕುವಂತೆ ಕೈ ಎತ್ತಿ ತಾಟಿಗೆ ಬಿಡುತ್ತಿದ್ದಳು. ಆಯಿ ಒಳಗಿನಿಂದಲೇ ಕೂಗುತ್ತಿದ್ದಳು, "ಮೂರು ದಿನ ನೀ ನನಗ ಬಾಜೂ ಮನಿಯಾಕಿ ಬೇ! ನಾಕನೇ ದಿನ ನೀರು ಹಾಕ್ಕೊಂಡು ಓಡಿ ಬಾ!" ನಾನು ನಗುತ್ತಿದ್ದೆ. ಆಯಿಯ ಬಾಯಲ್ಲಿ ಅದೂ ಒಂದು ಮುದ್ದಿನ ಮಾತಾಗಿ ಕೇಳುತ್ತಿತ್ತು. ಅದು ಬರೀ ಮುದ್ದಲ್ಲ, ಆಕೆ ಮನಸ್ಸಾರೆ ಹೇಳುವ ಮಾತು ಎಂದು ನನಗೆ ಹೊಳೆದಿರಲಿಲ್ಲ.

ಆ ವರ್ಷ ಹತ್ತಿ ಚೆನ್ನಾಗಿ ಬಂದಿತ್ತು. ದರ ಏರಲಿ ಎಂದು ಅತ್ತೆ ಮಾರಗೊಡಲಿಲ್ಲ. ನಮ್ಮ ಕಡೆ ಎಲ್ಲರೂ ಮಾಡುವಂತೆ ಬಿಡಿಸಿದ ಹತ್ತಿಯನ್ನೆಲ್ಲ ಪಡಸಾಲೆಯಲ್ಲೇ ಸುರಿದರು. ದಿನ ದಿನಕ್ಕೆ ಏರಿ ಅದು ಜಂತಿ ಮುಟ್ಟಿತು. ಆಯಿಯ ಕೋಣೆಗೆ ಹೋಗಲು ಗೋಡೆಗೂ ಹತ್ತಿಗೂ ನಡುವೆ ಅಡ್ಡ ತಿರುಗಿ ನಡೆಯುವಷ್ಟು ಸಂದಿ ಉಳಿಯಿತು. ಗಂಜಿಯ ಬಟ್ಟಲು ಹಿಡಿದು ನಾನು ಆ ಸಂದಿಯಲ್ಲಿ ನುಸುಳುವಾಗಲೆಲ್ಲ ಅಪ್ಪನ ಹುಬ್ಬು ನೆನಪಾಗುತ್ತಿತ್ತು.

"ಅತ್ತಿ, ಆಯಿ ಮಂಚ ಅಡಗಿ ಮನ್ಯಾಗರ ಹಾಕೋಣ್ರಿ. ಹತ್ತಿ ಮನಿ ಇದು. ನಾಳೆ ಏನರ ಆದ್ರ ಆಕೀನ ಹೊರಗ ತರಾಕ ದಾರಿ ಇಲ್ಲ" ಎಂದೆ.

"ಏನಾಗತೈತಿ? ನಿನ್ನ ಬಾಯಾಗ ಮಣ್ಣ ಬೀಳ್ಲಿ! ಹತ್ತಿ ಬಂದೈತಿ ಅಂದ್ರ ಲಕ್ಷ್ಮಿ ಬಂದಾಳ. ಲಕ್ಷ್ಮಿ ಮುಂದ ನಿಂತು ಬೆಂಕಿ ಸುದ್ದಿ ಆಡ್ತಿ? ನಿಮ್ಮಪ್ಪ ಹತ್ತಿ ಹೊತ್ತಾನ, ಬೆಳದಿಲ್ಲ. ಬೆಳದಾವ್ರಿಗೆ ಗೊತ್ತು ಎಲ್ಲಿಡಬೇಕು ಅಂತ."

"ಹಂಗಾರ ಆಯೀನರ..."

"ಆಕಿ ಹೆಂಗೂ ಬಿದ್ದಕೊಂಡಿರ್ತಾಳ. ಹತ್ತಿ ಕಾಯ್ಲಿ, ಅಷ್ಟರ ಉಪಯೋಗ ಆಗ್ಲಿ."

ಏಳಲಾರದ ಮುದುಕಿಯನ್ನು ಕಾವಲಿಗೆ ಹಾಕಿದ ಮಹಾತಾಯಿ ಆಕೆ. ಗಂಡನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, "ನೀ ಹೇಳೂದೂ ಖರೇ, ಅವ್ವ ಹೇಳೂದೂ ಖರೇ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರಷ್ಟು ಜಾಣರನ್ನು ನಾನು ಬೇರೆ ಕಂಡಿಲ್ಲ. ನಾನೇ ಮಂಚ ಎಳೆಯಲು ಹೋದರೆ ಅತ್ತೆ ನನ್ನ ಜಡೆ ಹಿಡಿದು ಎಳೆದಳು. ಅಲ್ಲಿಗೆ ಆ ಮಾತು ಮುಗಿಯಿತು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಬೆಳಗ್ಗೆಯೇ ನಾನು ಹೊರಗಾದೆ.

"ಹಬ್ಬದ ದಿನಾನ ಆಗಬೇಕಿತ್ತ? ಬೇಕಂತ ಮಾಡ್ತಿ ನೀ" ಎಂದಳು ಅತ್ತೆ. ನನ್ನ ಹೊಟ್ಟೆಯಲ್ಲಿ ಬಟನ್ ಇದ್ದು, ನಾನು ಒತ್ತಿ ಕೂತಿದ್ದೆನೋ ಏನೋ! ಚಾಪೆ ತೆಗೆದುಕೊಂಡು ಪತ್ರಾಸಿನ ಕೆಳಗೆ ಹೋಗಿ ಕುಳಿತೆ.

ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಬಚ್ಚಲಿನ ದೊಡ್ಡ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಅದರ ಮೈಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡ್ಲಕಾಯಿಯ ಕಾಡುಬಳ್ಳಿ ಸುತ್ತಿದರು. ಮೋಟಾರಿಗೆ ಕರೆಂಟು ಇದ್ದಷ್ಟು ಹೊತ್ತಿನಲ್ಲಿ ಹಂಡೆ, ಪೀಪಾಯಿ, ತಾಮ್ರದ ಕೊಡ, ಸ್ಟೀಲಿನ ಕೊಡ, ಬಕೆಟ್ಟು, ಕಡೆಗೆ ಹಾಲಿನ ಕ್ಯಾನು ಕೂಡ ತುಂಬಿಟ್ಟರು. ಮರುದಿನ ನಸುಕಿನಲ್ಲಿ ಆ ನೀರು ಕಾಯಿಸಿ ಎಲ್ಲರೂ ಎಣ್ಣೆನೀರು ಹಾಕಿಕೊಳ್ಳಬೇಕು; ಅಲ್ಲಿಯವರೆಗೆ ಅದು ಗಂಗೆ, ಯಾರೂ ಮುಟ್ಟುವಂತಿಲ್ಲ. ಸಾಲಾಗಿ ತುಂಬಿ ನಿಂತ ಆ ಪಾತ್ರೆಗಳನ್ನು ನೋಡಿ ನನಗೆ ಜಿನ್ನಿನ ಕೆಂಪು ಬಕೆಟ್ಟುಗಳು ನೆನಪಾದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜನ ನಾವು. ವರ್ಷಕ್ಕೊಂದು ದಿನವಾದರೂ ನೀರು ತುಂಬಿಟ್ಟುಕೊಳ್ಳಿ ಎಂದು ಯಾರೋ ತಲೆಯಿದ್ದವರು ಈ ಹಬ್ಬ ಮಾಡಿರಬೇಕು ಎಂದು ನನ್ನಷ್ಟಕ್ಕೆ ನಾನೇ ನಕ್ಕೆ.

ಮುಚ್ಚಂಜೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಹತ್ತಿಯ ಮುಂದೆ ಮಣೆ ಹಾಕಿ, ಅದರ ಮೇಲೆ ಹಣತೆ ಹಚ್ಚಿಟ್ಟಳು. ಹತ್ತಿ ಲಕ್ಷ್ಮಿಯಲ್ಲವೇ, ಲಕ್ಷ್ಮಿಗೆ ದೀಪ ಬೇಡವೇ! ಹಿತ್ತಲ ಬಾಗಿಲಿನಿಂದ ನೋಡಿ ನನ್ನ ಜೀವ ಹಾರಿಹೋಯಿತು.

"ಅತ್ತಿ, ನಿಮ್ಮ ಕಾಲಿಗೆ ಬೀಳ್ತೇನಿ, ದೀಪ ಹಿಂದಕ್ಕ ಸರಸ್ರಿ. ತಾಟಿನ್ಯಾಗ ನೀರು ಹಾಕಿ ಅದರಾಗ ಇಡ್ರಿ."

"ಹೊರಗಾದಾಕಿ ಬಾಗಲಾಗ ನಿಂತು ದೀಪ ನೋಡ್ತಿಯಲ್ಲ, ನಾಚಿಕಿ ಇಲ್ಲ? ನಡಿ ಆ ಕಡೆ!"

ಹೋದೆ. ಅವರು ಮೂವರೂ ಅಂಗಳಕ್ಕೆ ಹೋದರು. ಓಣಿಯಲ್ಲಿ ಪಟಾಕಿಯ ಸಪ್ಪಳಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಆ ಸಪ್ಪಳದ ನಡುವೆ ಆಯಿಯ ದನಿ ಬಂತು.

"ಯಾರ ಬೇ ಇಷ್ಟು ದೀಪ ಹಚ್ಚಿದವ್ರು? ಎಷ್ಟ ಬೆಳಕು! ಕೋಣಿ ತುಂಬ ಬೆಳಕು!"

ಓಡಿ ಬಾಗಿಲಿಗೆ ಬಂದೆ. ಹತ್ತಿಯ ಮೈಮೇಲೆ ಬೆಂಕಿ ಸರಸರ ಹರಿದು ಹೋಗುತ್ತಿತ್ತು. ಕೂಗಿದೆ, ಯಾರಿಗೂ ಕೇಳಲಿಲ್ಲ. ತಿರುಗಿದರೆ ಬಚ್ಚಲಿನಲ್ಲಿ ಬಳ್ಳಿ ಉಟ್ಟುಕೊಂಡ ಹಂಡೆ. ಸುಳ್ಳು ಯಾಕೆ ಹೇಳಲಿ, ಅದರ ಮುಂದೆ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನಿಂತೆ. ಆಮೇಲೆ ಅದರೊಳಗೆ ಕೊಡ ಮುಳುಗಿಸಿದೆ. ಹಂಡೆಯ ನೀರು, ಪೀಪಾಯಿಯ ನೀರು, ಕೈಗೆ ಸಿಕ್ಕಿದ ಕೊಡ, ಬಕೆಟ್ಟು ಎಲ್ಲ ಎತ್ತಿ ಎತ್ತಿ ಸುರಿದೆ. ಸೀರೆಯ ಅಂಚು ಸುಟ್ಟಿತು, ಬಳ್ಳಿ ಕಾಲಡಿ ಸಿಕ್ಕು ನುಜ್ಜಾಯಿತು. ಬೆಂಕಿ ಆರಿತು. ಇನ್ನೂ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿತ್ತು.

ಹೊಗೆ ಕಂಡು ಅವರು ಓಡಿ ಬಂದರು. ಅತ್ತೆ ಒಳಗೆ ಬಂದವಳು ಕರಿ ಹಿಡಿದ ಹತ್ತಿಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ಕೊಡವನ್ನು ನೋಡಿದಳು. ಆಯಿ ಹೇಗಿದ್ದಾಳೆ ಎಂದು ಕೇಳಲಿಲ್ಲ.

"ಹಂಡೆ ಮುಟ್ಟಿದಿ?"

"ಬೆಂಕಿ ಹತ್ತಿತ್ರಿ ಅತ್ತಿ."

"ಹಂಡೆ ಮುಟ್ಟಿದೀ ಇಲ್ಲ, ಅಷ್ಟ ಹೇಳು."

"ಮುಟ್ಟೀನ್ರಿ. ಎಲ್ಲಾ ಮುಟ್ಟೀನಿ. ಈಗ ಇದನ್ನ ಅಂಗಳಕ್ಕ ಎಳೀರಿ, ಆಯೀನ ಹೊರಗ ತರ್ರಿ. ಹತ್ತಿ ಬೆಂಕಿ ಒಳಗ ಇರತೈತ್ರಿ, ಮತ್ತ ಏಳತೈತಿ."

ಗಂಡ ಅವ್ವನ ಮುಖ ನೋಡಿದರು. ಮಾವ ಮುಂದೆ ಬಂದು ಹತ್ತಿಯ ಮೇಲೆ ಅಂಗೈ ಇಟ್ಟರು. ಆ ಮನೆಯಲ್ಲಿ ಅವರು ತೀರ್ಪು ಕೊಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ತಣ್ಣಗೈತಿ" ಎಂದರು.

ಅಷ್ಟು ಸಾಕಾಯಿತು. ಹತ್ತಿಯನ್ನು ನಾಳೆ ನೋಡಿದರಾಯಿತು ಎಂದು ಬಿಟ್ಟರು, ಆಯಿಯನ್ನೂ ಬಿಟ್ಟರು. ಈಗ ತುರ್ತಿನ ಕೆಲಸ ಬೇರೆಯೇ ಇತ್ತಲ್ಲ. ನಾನು ಮುಟ್ಟಿದ ನೀರಿನಲ್ಲಿ ಹಬ್ಬ ಮಾಡುವುದು ಹೇಗೆ?

ಅತ್ತೆ ದೂರ ನಿಂತು ಬೆರಳು ತೋರಿಸಿದಳು, ಗಂಡ ಒಂದೊಂದೇ ಪಾತ್ರೆ ಉರುಳಿಸಿದರು. ಹಂಡೆ, ಪೀಪಾಯಿ, ಕೊಡಗಳು, ನಾನು ಮುಟ್ಟದೇ ಉಳಿದಿದ್ದ ಹಾಲಿನ ಕ್ಯಾನು ಕೂಡ. ನಾನು ಬಾಯಿ ಬಡಿದುಕೊಂಡೆ. "ನೀರು ಚೆಲ್ಲಬ್ಯಾಡ್ರಿ! ನಾ ಬೇಕಾದ್ರ ಈಗಿಂದೀಗ ತವರಿಗೆ ಹೋಗ್ತೇನಿ, ನೀರಷ್ಟು ಚೆಲ್ಲಬ್ಯಾಡ್ರಿ. ಇವತ್ತೊಂದಿನ ಇರ್ಲಿ." ಗಂಡ ನನ್ನ ಕಡೆ ನೋಡದೆ, "ಸುಮ್ನಿರ, ನಸಿಕಿನ್ಯಾಗ ಕರೆಂಟ್ ಬರತೈತಿ, ಮತ್ತ ತುಂಬೋಣು" ಎಂದರು. ನೀರೆಲ್ಲ ಹಿತ್ತಲಿನ ಬದನೆ ಗಿಡಗಳಿಗೆ ಹರಿಯಿತು. ಬದನೆಕಾಯಿಗೆ ಮೈಲಿಗೆ ಇಲ್ಲವಂತೆ. ಪಾತ್ರೆಗಳನ್ನೆಲ್ಲ ಬೋರಲು ಹಾಕಿದರು. ಒಣ ಹತ್ತಿ ತುಂಬಿದ ಮನೆಯಲ್ಲಿ ಅಡುಗೆಯ ಚರಿಗೆಯೊಂದು, ನನ್ನ ಪಾಲಿನ ತಂಬಿಗೆಯೊಂದು ಬಿಟ್ಟು ಬೇರೆ ನೀರಿಲ್ಲ.

ನನ್ನನ್ನು ಮತ್ತೆ ಪತ್ರಾಸಿನ ಕೆಳಗೆ ಕೂರಿಸಿ, ತಾಟಿಗೆ ಅನ್ನ ಬಿಟ್ಟು, ಅವರು ಅಡುಗೆಮನೆಯಲ್ಲಿ ಊಟಕ್ಕೆ ಕುಳಿತರು. ಸುಟ್ಟ ಬಟ್ಟೆಯ ವಾಸನೆ ಬಂತು. ಹಳೆಯ ವಾಸನೆಯೇ ಇರಬಹುದು ಎಂದು ಮೂಗು ಹಿಡಿದು ನೋಡಿದೆ. ಅಲ್ಲ, ಇದು ಹೊಸದು.

"ಅತ್ತಿ, ವಾಸನಿ ಬರಾಕತ್ತೈತ್ರಿ!"

"ಬಾಯಿ ಮುಚ್ಕೊಂಡು ಉಣ್ಣು!"

ಆಯಿ ಕೆಮ್ಮಿದಳು. ಮತ್ತೆ ಕೆಮ್ಮಿದಳು. ನಾನು ತಾಟು ಬಿಟ್ಟು ಎದ್ದೆ. ಬಾಗಿಲಿನಿಂದ ನೋಡಿದರೆ ಪಡಸಾಲೆ ತುಂಬ ಹೊಗೆ. ಆ ಹತ್ತಿಯ ಹೊಟ್ಟೆ ಬಿರಿದು ಒಳಗಿನ ಕೆಂಪು ಕಾಣುತ್ತಿತ್ತು. ನೋಡುತ್ತಿದ್ದಂತೆ ಅದು ಭುಗಿಲೆಂದು ಜಂತಿಗೆ ಹತ್ತಿತು. ಅಡುಗೆಮನೆಯಲ್ಲಿ ಕಿರುಚಾಟ ಎದ್ದಿತು. ಅವರು ತಮ್ಮ ಬಾಗಿಲಿನಿಂದ ಅಂಗಳಕ್ಕೆ ಓಡಿದರು. ಒಳಗೊಬ್ಬಳು ಮಲಗಿದ್ದಾಳೆ ಎಂದು ಯಾರೂ ಹಿಂದೆ ತಿರುಗಲಿಲ್ಲ. ಮೂವರಲ್ಲಿ ಒಬ್ಬರೂ ತಿರುಗಲಿಲ್ಲ, ಹಾಳಾಗಿ ಹೋಗಲಿ!

ತಂಬಿಗೆಯ ನೀರನ್ನು ಸೆರಗಿಗೆ ಸುರಿದುಕೊಂಡು ಮುಖಕ್ಕೆ ಕಟ್ಟಿಕೊಂಡೆ. ಹೊಗೆ ಮೇಲೇರುತ್ತದೆ, ನೆಲದ ಮೇಲೆ ಹರಿದು ಹೋಗಬೇಕು ಎಂದು ಅಪ್ಪ ಹೇಳುತ್ತಿದ್ದ. ಹರಿದು ಹೋದೆ. ಆ ಸಂದಿಯಲ್ಲಿ ಗೋಡೆಯೇ ಕಾದಿತ್ತು. ಆಯಿಯನ್ನು ಕೌದಿಯ ಸಮೇತ ಮಂಚದಿಂದ ಕೆಳಗೆ ಎಳೆದೆ, ಕೌದಿಯ ಎರಡು ತುದಿ ಹಿಡಿದು ಹಿಂದೆ ಹಿಂದೆ ಜಗ್ಗಿದೆ. ಎಡತೋಳಿನ ಮೇಲೆ ಏನೋ ಉರಿಯುವುದು ಬಿತ್ತು, ಬಿಡಲಿಲ್ಲ. ಹಿತ್ತಲಿಗೆ ತಂದು, ಅಲ್ಲಿಂದ ಪಕ್ಕದ ಸಂದಿಯಲ್ಲಿ ಓಣಿಗೆ ಎಳೆದು ತಂದು ಹಾಕಿದೆ. ಆಯಿಯ ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ಉಸಿರಾಡುತ್ತಿದ್ದಳು. ಆಕೆಯ ಮುಖ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಗೋಳೋ ಎಂದು ಅತ್ತುಬಿಟ್ಟೆ.

ಓಣಿಯ ಜನ ಸೇರಿದ್ದರು. ನೀರು ತರ್ರೋ ಎಂದು ಕೂಗುವವರು ಬಹಳ, ತರುವವರು ಕಡಿಮೆ. ಅವರವರ ಮನೆಯಲ್ಲೂ ಅದು ಹಬ್ಬದ ನೀರು. ಹುಡುಗರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು. ಬೆಂಕಿ ಆರಿಸುವ ಗಾಡಿಗೆ ಯಾರೋ ಬಹಳ ತಡವಾಗಿ ಫೋನು ಮಾಡಿದರು. ಅದು ಬಂದಾಗ ಓಣಿಯ ತುಂಬ ಗೋವಿನಜೋಳ ತುಂಬಿದ ಟ್ರೇಲರ್‌ಗಳು ಅಡ್ಡ ನಿಂತಿದ್ದವು.

ಆಯಿ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಗುರುತು ಹತ್ತುತ್ತಲೇ ನನ್ನ ಕೈಯನ್ನು ಮುಖದಿಂದ ಸರಿಸಿದಳು.

"ನೀನಾ? ನೀ ಯಾಕ ಮುಟ್ಟಿದಿ ನನ್ನ?"

"ಬೆಂಕಿ ಬಿತ್ತ ಆಯಿ. ಮನಿ ಸುಡಾಕತ್ತೈತಿ."

"ಸುಟ್ರ ಸುಡ್ಲಿ. ಹೊರಗಾದಾಕಿ ಹಬ್ಬದ ದಿನ ನನ್ನ ಮುಟ್ಟಿ ಕೆಡಿಸಿದೆಲ್ಲ! ಸಾಯೂ ಕಾಲಕ್ಕ ಕೆಡಿಸಿದೆಲ್ಲ! ನನಗ ನೀರು ಹಾಕ್ರೋ, ಯಾರರ ನನ್ನ ಮೈಮ್ಯಾಲ ನೀರು ಹಾಕ್ರೋ!"

ಆಗಲೇ ಪಕ್ಕದ ಮನೆಯಾಕೆ ತುಂಬಿದ ಕೊಡ ಹೊತ್ತು ಓಡಿ ಬಂದಳು. ಆ ಬೆಂಕಿಗೆಂದು ಓಣಿಯಿಂದ ಬಂದ ಮೊದಲ ಕೊಡ ಅದು. ಅತ್ತೆ ಅಡ್ಡ ಬಂದು ಅದನ್ನು ಕೈಯಿಂದ ಕಸಿದುಕೊಂಡಳು. ಬೆಂಕಿಯ ಕಡೆ ಬೆನ್ನು ಮಾಡಿ, ಆಯಿಯ ತಲೆಯ ಮೇಲೆ ಅಷ್ಟನ್ನೂ ಸುರಿದಳು. ಒಂದು ಕೊಡ ನೀರಿಗೆ ಆ ಬೆಂಕಿ ಆರುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಇವತ್ತಿಗೂ ಅದೇ ಕಾಣುತ್ತದೆ. ನಮ್ಮ ಹಿಂದೆ ಹಂಚು ಪಟಪಟ ಸಿಡಿಯುತ್ತಿವೆ, ಆಯಿ ಒದ್ದೆಯಾಗಿ ನಡುಗುತ್ತ, "ಸಾಕಪ್ಪಾ, ಈಗ ಸಮಾಧಾನ ಆತು" ಎನ್ನುತ್ತಿದ್ದಾಳೆ.

ಒಣ ಬಟ್ಟೆ ಯಾರ ಬಳಿ ಇತ್ತು? ಎಲ್ಲ ಒಳಗೆ ಸುಡುತ್ತಿದ್ದವು. ಬಯಲಿನ ಥಂಡಿಯಲ್ಲಿ ಒದ್ದೆ ಸೀರೆಯಲ್ಲೇ ಬಹಳ ಹೊತ್ತು ಬಿದ್ದಿದ್ದಳು. ಪಕ್ಕದ ಮನೆಯ ಪಡಸಾಲೆಗೆ ಒಯ್ದು ಮಲಗಿಸುವಷ್ಟರಲ್ಲಿ ಎದೆಗೆ ಶೀತ ಇಳಿದು ಜ್ವರ ಬಂತು. ನಾಲ್ಕನೇ ದಿನ ನಾನು ತಲೆಗೆ ನೀರು ಹಾಕಿಕೊಂಡು, ಸುಟ್ಟ ತೋಳಿಗೆ ಬಟ್ಟೆ ಸುತ್ತಿಕೊಂಡು, ಗಂಜಿ ಒಯ್ದೆ. ಆಯಿ ಮುಖ ಗೋಡೆಗೆ ತಿರುಗಿಸಿದಳು. ಬೆಲ್ಲದ ಚೂರು ಕೊಡುತ್ತಿದ್ದ ಕೈ ಬಟ್ಟಲನ್ನು ತಳ್ಳಿತು. ಅತ್ತೆ ಜಡೆ ಹಿಡಿದು ಎಳೆದಾಗ ನನಗೆ ಅಷ್ಟು ನೋವಾಗಿರಲಿಲ್ಲ. ಕಾರ್ತಿಕ ಮುಗಿಯುವುದರೊಳಗೆ ಆಯಿ ಸತ್ತಳು. ಬೆಂಕಿಯಿಂದ ನಾನು ಎಳೆದು ತಂದವಳನ್ನು ಒಂದು ಕೊಡ ನೀರು ಒಯ್ದಿತು. ಊರು ಹೇಳಿದ್ದು ಮಾತ್ರ ಬೇರೆ: ಮುಟ್ಟಬಾರದವಳು ಮುಟ್ಟಿದಳು, ಮುದುಕಿ ಸತ್ತಳು.

ಮರುವರ್ಷ ನೀರು ತುಂಬುವ ಹಬ್ಬ ಬಂದಾಗ ಆ ಓಣಿಯವರು ಬೆಂಕಿ ಬೀಳದಂತೆ ಮುಂಜಾಗ್ರತೆ ತೆಗೆದುಕೊಂಡರು. ಹತ್ತಿಯನ್ನು ಪಡಸಾಲೆಯಿಂದ ಹೊರಗೆ ಹಾಕಲಿಲ್ಲ. ದೀಪವನ್ನು ಹಿಂದಕ್ಕೆ ಸರಿಸಲಿಲ್ಲ. ಟ್ರೇಲರ್‌ಗಳು ಅಲ್ಲೇ ನಿಂತವು. ಹಬ್ಬದ ಹೊತ್ತಿಗೆ ಹೊರಗಾಗುವ ಸೊಸೆಯಂದಿರನ್ನು ಹುಡುಕಿ, ಬಸ್ಸು ಹತ್ತಿಸಿ, ತವರಿಗೆ ಕಳಿಸಿಬಿಟ್ಟರು. ನನಗೆ ಫೋನಿನಲ್ಲಿ ಈ ಸುದ್ದಿ ಹೇಳಿದ ಅಲ್ಲಿನ ಪಕ್ಕದ ಮನೆಯಾಕೆ, "ಈ ಸಲ ಏನೂ ತ್ರಾಸ ಆಗಲಿಲ್ಲ ನೋಡವ್ವಾ" ಎಂದಳು.

ಅಷ್ಟೊತ್ತಿಗೆ ನಾವು ಹಾನಗಲ್ಲಿಗೆ ಬಂದಿದ್ದೆವು. ಗಂಡನಿಗೆ ಭತ್ತದ ಅಂಗಡಿಯೊಂದರಲ್ಲಿ ಕೆಲಸ, ನನಗೆ ಹೊಲಿಗೆ. ಮಾವ ಬದುಕಿದ್ದಷ್ಟೇ ಸದ್ದಿಲ್ಲದೆ ಹೋದರು. ಅತ್ತೆ ನಮ್ಮ ಜೊತೆಗಿದ್ದಾಳೆ. ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲಿಗೆ ಅಡ್ಡ ಒಂದು ಚೀಲವನ್ನೂ ನಾನು ಇಡಗೊಡುವುದಿಲ್ಲ. ಒಲೆಯಿಂದ ದೂರ ಮರಳಿನ ಬಕೆಟ್ಟು, ಬಾಗಿಲ ಪಕ್ಕ ಸದಾ ತುಂಬಿದ ಎರಡು ಕೊಡ. ಇದು ನನ್ನ ಮನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಈಗ ನಡೆದಿರುವುದು ನನ್ನ ಕಾಲ.

ಈಗ ಆ ಖಾಕಿ ಅಂಗಿಯವರ ಪ್ರಶ್ನೆಗೆ ಬರುತ್ತೇನೆ. ಅತ್ತೆ ಕೈ ಎತ್ತಿದ್ದಳಲ್ಲ, ಅವರು "ಹೇಳ್ರಿ ಅಮ್ಮಾರ" ಎಂದರು. ಆಕೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಹೇಳಿದಳು:

"ಮೊದಲ ಮನ್ಯಾಗ ಹೊರಗಾದಾವ್ರು ಯಾರರ ಅದಾರೇನು ನೋಡಬೇಕ್ರಿ. ಇದ್ರ, ಅವ್ರನ್ನ ನೀರಿನ ಹತ್ರ ಬಿಡಬಾರ್ದು."

ಆ ಮನುಷ್ಯ ಕಕ್ಕಾಬಿಕ್ಕಿಯಾದರು. "ಅದಕ್ಕೂ ಬೆಂಕಿಗೂ ಏನ್ ಸಂಬಂಧ ಅಮ್ಮಾ?"

"ಸಂಬಂಧ ಐತ್ರಿ. ನಮ್ಮ ಮನಿ ಸುಟ್ಟಿದ್ದ ಹಂಗ. ಬೇಕಾದ್ರ ಇಕೀನ ಕೇಳ್ರಿ" ಎಂದು ನನ್ನನ್ನು ತೋರಿಸಿದಳು. ಹಿಂದಿನ ಸಾಲಿನಲ್ಲಿ ಇಬ್ಬರು ಹೌದೌದು ಎಂದು ತಲೆ ಆಡಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸುಟ್ಟ ತೋಳಿನ ಮೇಲೆ ಸೆರಗು ಎಳೆದುಕೊಂಡು, "ಮೊದಲ ಒಳಗಿದ್ದಾವ್ರನ್ನ ಹೊರಗ ತರಬೇಕ್ರಿ" ಎಂದೆ. ಅವರು "ಬರೋಬ್ಬರಿ" ಎಂದು ಮುಂದಿನ ಪ್ರಶ್ನೆಗೆ ಹೋದರು.

ಒಂದು ಮಾತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವತ್ತು ನಾನು ಹೊರಗಾಗಿದ್ದೆ. ಹಾನಗಲ್ಲಿಗೆ ಬಂದ ಮೊದಲ ತಿಂಗಳೇ ಅತ್ತೆಗೆ, "ಬೆಂಕಿ ಕಂಡ ಅಂಜಿಕಿಗೆ ನನಗ ಹೊರಗಾಗೂದ ನಿಂತೈತ್ರಿ ಅತ್ತಿ" ಎಂದು ಸುಳ್ಳು ಹೇಳಿಬಿಟ್ಟಿದ್ದೆ. "ಪೀಡಾ ಹೋತು ಬಿಡು" ಎಂದು ಆಕೆ ದೇವರಿಗೆ ಕಾಯಿ ಒಡೆಸಿದ್ದಳು. ಅಂದಿನಿಂದ ತಿಂಗಳು ತಿಂಗಳು ಆ ಮೂರು ದಿನವೂ ಆಕೆಗೆ ಅಡುಗೆ ಮಾಡಿ ಹಾಕುವವಳು ನಾನೇ. ಆ ದಿನಗಳಲ್ಲಿ ಒಂದು ರೊಟ್ಟಿ ಹೆಚ್ಚಿಗೆಯೇ ಬಡಿಯುತ್ತೇನೆ.

ಸಂಘದಿಂದ ಮನೆಗೆ ಬಂದು ರೊಟ್ಟಿ ಮಾಡಿದೆ, ಬದನೆಕಾಯಿ ಪಲ್ಯ ಮಾಡಿದೆ. ಅತ್ತೆ ಕುರ್ಚಿಯಲ್ಲಿ ಕುಳಿತು ತಾಟು ತೊಡೆಯ ಮೇಲಿಟ್ಟುಕೊಂಡು ಉಂಡಳು. "ಪಲ್ಲೆ ಚಲೋ ಆಗೈತಿ, ಇನ್ನೊಂದೀಟು ಹಾಕು" ಎಂದಳು. ಹಾಕಿದೆ. ಉಂಡು ಮುಗಿಸಿ ನೀರು ಕೇಳಿದಳು. ಬಾಗಿಲ ಪಕ್ಕದ ಕೊಡದಲ್ಲಿ ಕೈ ಮುಳುಗುವಂತೆ ತಂಬಿಗೆ ಅದ್ದಿ, ತುಂಬಿ, ಕೊಟ್ಟೆ. ಅತ್ತೆ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, "ತಣ್ಣಗೈತಿ" ಎಂದಳು.